ಕ್ರೀಡಾ ತರಬೇತಿಯಲ್ಲಿ ಹೃದಯ ಬಡಿತ ಮಾಪಕಗಳ ಬಳಕೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಕ್ರೀಡಾ ವಸತಿ ನಿಲಯಗಳ ಆಯ್ಕೆ, ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆ, ದಸರಾ ಕ್ರೀಡಾಕೂಟ ಹಾಗೂ ಸೈಕ್ಲಿಂಗ್ ಸ್ಪರ್ಧೆಗಳಿಗೆ ಸಿದ್ಧತೆ ನಡೆಸುವ ಯುವಜನರು ಇತ್ತೀಚಿನ ವರ್ಷಗಳಲ್ಲಿ ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್, ಸ್ಮಾರ್ಟ್ ವಾಚ್ ಹಾಗೂ ಎದೆಪಟ್ಟಿಗಳನ್ನು ಬಳಸುತ್ತಿದ್ದಾರೆ. ಈ ಸಾಧನಗಳು ವ್ಯಾಯಾಮದ ವೇಳೆ ಹೃದಯವು ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತದೆ ಎಂಬುದನ್ನು ತೋರಿಸುತ್ತವೆ. ಈ ಅಂಕಿಯನ್ನು ತರಬೇತಿಗೆ ಹೇಗೆ ಬಳಸಿಕೊಳ್ಳಬೇಕು, ಅದರ ಮಿತಿಗಳೇನು ಹಾಗೂ ಯಾವ ಸಂದರ್ಭದಲ್ಲಿ ಸಾಧನವನ್ನು ನಂಬದೆ ವೈದ್ಯರನ್ನು ಕಾಣಬೇಕು ಎಂಬ ವಿವರಗಳನ್ನು ಅಭ್ಯರ್ಥಿಗಳು, ಪೋಷಕರು ಮತ್ತು ದೈಹಿಕ ಶಿಕ್ಷಣ ಶಿಕ್ಷಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಈ ಸಾಧನವನ್ನು ಹೊಂದಿರುವುದು ಯಾವುದೇ ಆಯ್ಕೆಗೆ ಅರ್ಹತೆಯಲ್ಲ. ಆಯ್ಕೆಯು ಓಟದ ಸಮಯ, ಜಿಗಿತದ ದೂರ, ಎತ್ತರ ಮೊದಲಾದ ನಿಗದಿತ ಅಳತೆಗಳ ಮೇಲೆ ನಡೆಯುತ್ತದೆ. ಹೃದಯ ಬಡಿತದ ದಾಖಲೆಗೆ ಅಂಕಗಳಿರುವುದಿಲ್ಲ. ಸಾಧನ ಇಲ್ಲದವರೂ ಇಲ್ಲಿ ತಿಳಿಸಿರುವ ಕ್ರಮಗಳನ್ನು ಕೈಬೆರಳು ಮತ್ತು ಸಾಮಾನ್ಯ ಗಡಿಯಾರದಿಂದ ಅನುಸರಿಸಬಹುದಾಗಿದೆ.

2. ಈ ಭಾಗಕ್ಕೆ ಸಂಬಂಧಿಸಿದಂತೆ ವಿಷಯದ ಮಹತ್ವ

2014ರ ನವೆಂಬರ್ 1ರಂದು ವಿಜಯಪುರ ಎಂದು ಮರುನಾಮಕರಣಗೊಂಡ ಬಿಜಾಪುರ ಜಿಲ್ಲೆಯು ರಸ್ತೆ ಸೈಕ್ಲಿಂಗ್ ಕ್ರೀಡೆಗೆ ರಾಜ್ಯದಲ್ಲಿ ಹೆಸರಾಗಿದೆ. ರಾಜ್ಯ ತಂಡಗಳಿಗೆ ಆಯ್ಕೆಯಾಗುವ ಸೈಕಲ್ ಪಟುಗಳಲ್ಲಿ ಅನೇಕರು ವಿಜಯಪುರ ಮತ್ತು ನೆರೆಯ ಬಾಗಲಕೋಟೆ ಜಿಲ್ಲೆಗಳ ಗ್ರಾಮೀಣ ಕುಟುಂಬಗಳಿಂದ ಬಂದವರು. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ವಿಜಯಪುರದಲ್ಲಿಯೇ ನಡೆಯಿತು. ಕಪ್ಪು ಮಣ್ಣಿನ ಬಯಲಿನ ಸಮತಟ್ಟಾದ ರಸ್ತೆಗಳು ಒಂದೇ ವೇಗದಲ್ಲಿ ದೀರ್ಘಕಾಲ ಸೈಕಲ್ ತುಳಿಯಲು ಮತ್ತು ಓಡಲು ಅನುಕೂಲಕರವಾಗಿವೆ. ಹೃದಯ ಬಡಿತವನ್ನು ಆಧರಿಸಿದ ತರಬೇತಿಗೆ ಇಂತಹ ಏರಿಳಿತವಿಲ್ಲದ ದಾರಿ ಹೆಚ್ಚು ಸೂಕ್ತವಾಗಿದೆ.

ಇದಲ್ಲದೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಅನೇಕ ಯುವಕ ಯುವತಿಯರು ನೇಮಕಾತಿ ಓಟಕ್ಕಾಗಿ ಶಾಲಾ ಮೈದಾನ, ಕಾಲುವೆ ದಂಡೆ ಹಾಗೂ ಊರ ಹೊರಗಿನ ರಸ್ತೆಗಳಲ್ಲಿ ತರಬೇತುದಾರರಿಲ್ಲದೆ ತಾವಾಗಿಯೇ ಅಭ್ಯಾಸ ನಡೆಸುತ್ತಾರೆ. ಅಧಿಸೂಚನೆ ಹೊರಬಿದ್ದ ನಂತರ ಕೆಲವೇ ವಾರಗಳಲ್ಲಿ ಸಿದ್ಧರಾಗಬೇಕೆಂಬ ಒತ್ತಡದಿಂದ ಪ್ರತಿದಿನವೂ ಪೂರ್ಣ ಶಕ್ತಿಯಿಂದ ಓಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿ.ಮೀ. ಓಟದ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಮೃತಪಟ್ಟ ಘಟನೆಯು, ಬಿಸಿಲು ಮತ್ತು ಅತಿಶ್ರಮಗಳು ಯುವಕರಿಗೂ ಪ್ರಾಣಾಂತಿಕವಾಗಬಲ್ಲವು ಎಂಬುದನ್ನು ದೇಶದ ಗಮನಕ್ಕೆ ತಂದಿತು. ಶ್ರಮದ ಪ್ರಮಾಣವನ್ನು ಅಂಕಿಯಲ್ಲಿ ತಿಳಿದುಕೊಳ್ಳುವುದು ಇಂತಹ ಅಪಾಯವನ್ನು ತಗ್ಗಿಸುವ ಒಂದು ಮಾರ್ಗವಾಗಿದೆ.

3. ಸಾಧನಗಳ ವಿಧಗಳು ಮತ್ತು ಕಾರ್ಯವಿಧಾನ

ಹೃದಯವು ಪ್ರತಿ ಬಡಿತದಲ್ಲಿ ಸೂಕ್ಷ್ಮ ವಿದ್ಯುತ್ ಸಂಕೇತವನ್ನು ಹೊರಡಿಸುತ್ತದೆ. ಇದನ್ನು ದಾಖಲಿಸುವ ವಿಧಾನವನ್ನು ನೆದರ್ಲೆಂಡ್ಸ್ ದೇಶದ ವಿಲ್ಲೆಮ್ ಐಂಥೋವನ್ ಅವರು 20ನೇ ಶತಮಾನದ ಆರಂಭದಲ್ಲಿ ರೂಪಿಸಿದರು. ಇದಕ್ಕಾಗಿ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಆಸ್ಪತ್ರೆಗಳಲ್ಲಿ ತೆಗೆಯುವ ಇ.ಸಿ.ಜಿ. ಇದೇ ತತ್ತ್ವವನ್ನು ಆಧರಿಸಿದೆ. ಫಿನ್‌ಲೆಂಡ್ ದೇಶದಲ್ಲಿ 1977ರಲ್ಲಿ ಸ್ಥಾಪನೆಯಾದ ಪೋಲಾರ್ ಸಂಸ್ಥೆಯು 1982ರಲ್ಲಿ ಕ್ರೀಡಾಪಟುಗಳು ಮೈಮೇಲೆ ಧರಿಸಬಹುದಾದ ತಂತಿರಹಿತ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಪ್ರಸ್ತುತ ಲಭ್ಯವಿರುವ ಸಾಧನಗಳನ್ನು ಮೂರು ವಿಧಗಳಾಗಿ ವಿಂಗಡಿಸಬಹುದು.

ಅ) ಎದೆಪಟ್ಟಿ: ಎದೆಯ ಕೆಳಭಾಗಕ್ಕೆ ಬಿಗಿಯಾಗಿ ಕಟ್ಟುವ ಪಟ್ಟಿಯು ಹೃದಯದ ವಿದ್ಯುತ್ ಸಂಕೇತವನ್ನು ನೇರವಾಗಿ ಗ್ರಹಿಸಿ ಬ್ಲೂಟೂತ್ ಮೂಲಕ ವಾಚ್ ಅಥವಾ ಮೊಬೈಲ್‌ಗೆ ಕಳುಹಿಸುತ್ತದೆ. ಓಟ ಮತ್ತು ಸೈಕ್ಲಿಂಗ್‌ನಲ್ಲಿ ಇದರ ಅಳತೆ ಹೆಚ್ಚು ನಿಖರವಾಗಿರುತ್ತದೆ. ಧರಿಸುವ ಮುನ್ನ ಪಟ್ಟಿಯ ಒಳಭಾಗವನ್ನು ನೀರಿನಿಂದ ಒದ್ದೆ ಮಾಡತಕ್ಕದ್ದು. ಒಣಗಿದ ಪಟ್ಟಿಯು ಮೊದಲ ಕೆಲವು ನಿಮಿಷ ತಪ್ಪು ಅಂಕಿಗಳನ್ನು ತೋರಿಸಬಹುದು.

ಆ) ಮಣಿಕಟ್ಟಿನ ಬ್ಯಾಂಡ್ ಮತ್ತು ವಾಚ್: ಇವುಗಳ ಹಿಂಬದಿಯ ಹಸಿರು ದೀಪದ ಬೆಳಕು ಚರ್ಮದೊಳಗೆ ಹಾಯ್ದು ಹಿಂದಿರುಗುತ್ತದೆ. ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಬದಲಾಗುವುದರಿಂದ ಹಿಂದಿರುಗುವ ಬೆಳಕೂ ಬದಲಾಗುತ್ತದೆ. ಅದರಿಂದ ಬಡಿತವನ್ನು ಲೆಕ್ಕ ಹಾಕಲಾಗುತ್ತದೆ. ವಿಶ್ರಾಂತಿಯಲ್ಲಿ ಮತ್ತು ನಿಧಾನ ಓಟದಲ್ಲಿ ಇದು ತೃಪ್ತಿಕರವಾಗಿದ್ದರೂ ವೇಗದ ಓಟ, ಕಬಡ್ಡಿ, ಕುಸ್ತಿ, ಭಾರ ಎತ್ತುವಿಕೆ ಮುಂತಾದವುಗಳಲ್ಲಿ ಕೈ ಚಲನೆಯಿಂದ ತಪ್ಪು ಅಂಕಿ ಬರುವ ಸಂಭವವಿದೆ. ಬ್ಯಾಂಡ್ ಸಡಿಲವಾಗಿದ್ದರೆ, ಚರ್ಮದ ಮೇಲೆ ಹಚ್ಚೆ ಇದ್ದರೆ ಅಥವಾ ಬೆವರು ಮತ್ತು ಧೂಳು ಮೆತ್ತಿದ್ದರೆ ದೋಷ ಹೆಚ್ಚುತ್ತದೆ. ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ, ಜಾರದಂತೆ ಕಟ್ಟತಕ್ಕದ್ದು.

ಇ) ತೋಳುಪಟ್ಟಿ: ಇದೂ ಬೆಳಕಿನ ತತ್ತ್ವದಿಂದಲೇ ಕೆಲಸ ಮಾಡುತ್ತದೆ. ತೋಳಿನ ಮೇಲೆ ಅಲುಗಾಟ ಕಡಿಮೆ ಇರುವುದರಿಂದ ಮಣಿಕಟ್ಟಿನ ಬ್ಯಾಂಡಿಗಿಂತ ಸ್ಥಿರವಾದ ಅಂಕಿ ದೊರೆಯುತ್ತದೆ.

4. ಸಾಧನವಿಲ್ಲದೆ ನಾಡಿ ಎಣಿಸುವ ವಿಧಾನ

ತೋರುಬೆರಳು ಮತ್ತು ನಡುಬೆರಳನ್ನು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರಬದಿಯಲ್ಲಿ ಮೆಲ್ಲಗೆ ಇಟ್ಟು 15 ಸೆಕೆಂಡುಗಳಲ್ಲಿ ಬರುವ ಬಡಿತಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಬಡಿತ ದೊರೆಯುತ್ತದೆ. ಉದಾಹರಣೆಗೆ 15 ಸೆಕೆಂಡಿಗೆ 36 ಬಡಿತಗಳಾದರೆ ನಿಮಿಷಕ್ಕೆ 144. ಓಟ ನಿಲ್ಲಿಸಿದ ಕೂಡಲೇ ಎಣಿಕೆ ಆರಂಭಿಸಬೇಕು. ತಡವಾದಷ್ಟೂ ಬಡಿತ ಇಳಿದು ಲೆಕ್ಕ ತಪ್ಪುತ್ತದೆ. ಸಾಧನ ಹೊಂದಿರುವವರೂ ವಾರಕ್ಕೊಮ್ಮೆ ಹೀಗೆ ಎಣಿಸಿ ಸಾಧನದ ಅಂಕಿಯನ್ನು ತಾಳೆ ನೋಡುವುದು ಒಳಿತು.

5. ಬಡಿತದ ವಲಯಗಳನ್ನು ಲೆಕ್ಕ ಹಾಕುವುದು

ತರಬೇತಿಗೆ ಎರಡು ಅಂಕಿಗಳು ಅಗತ್ಯ: ವಿಶ್ರಾಂತಿ ಬಡಿತ ಮತ್ತು ಗರಿಷ್ಠ ಬಡಿತ.

ವಿಶ್ರಾಂತಿ ಬಡಿತವನ್ನು ಬೆಳಿಗ್ಗೆ ಎಚ್ಚರವಾದ ಕೂಡಲೇ, ಚಹಾ ಸೇವನೆಗೆ ಮುನ್ನ, ಮಲಗಿರುವಂತೆಯೇ ಎಣಿಸತಕ್ಕದ್ದು. ಒಂದು ವಾರದ ಸರಾಸರಿಯನ್ನು ತೆಗೆದುಕೊಳ್ಳುವುದು ಸೂಕ್ತ.

ಗರಿಷ್ಠ ಬಡಿತವನ್ನು ಅಂದಾಜಿಸಲು 220ರಲ್ಲಿ ವಯಸ್ಸನ್ನು ಕಳೆಯುವ ಸೂತ್ರವು ಜನಪ್ರಿಯವಾಗಿದೆ. 2001ರಲ್ಲಿ ತನಾಕಾ ಮತ್ತು ಸಹೋದ್ಯೋಗಿಗಳು ಆರೋಗ್ಯವಂತ ವಯಸ್ಕರ ಅಧ್ಯಯನಗಳನ್ನು ಪರಿಶೀಲಿಸಿ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವ ಸೂತ್ರವನ್ನು ಸೂಚಿಸಿದರು. ಎರಡೂ ಸರಾಸರಿ ಅಂದಾಜುಗಳು ಮಾತ್ರ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ಗರಿಷ್ಠ ಬಡಿತಗಳಲ್ಲಿ 20ಕ್ಕೂ ಹೆಚ್ಚಿನ ವ್ಯತ್ಯಾಸವಿರಬಹುದು. ಆದ್ದರಿಂದ ಸಹಪಾಠಿಯ ಅಂಕಿಯೊಂದಿಗೆ ಹೋಲಿಸಿಕೊಳ್ಳುವುದು ಸರಿಯಲ್ಲ. ಸೈಕಲ್ ತುಳಿಯುವಾಗ ಗರಿಷ್ಠ ಬಡಿತವು ಓಟಕ್ಕಿಂತ ಸಾಮಾನ್ಯವಾಗಿ ಕೆಲವು ಅಂಕಿ ಕಡಿಮೆ ಇರುತ್ತದೆ.

ವಿಶ್ರಾಂತಿ ಬಡಿತವನ್ನೂ ಗಣನೆಗೆ ತೆಗೆದುಕೊಳ್ಳುವ ಲೆಕ್ಕವನ್ನು ಫಿನ್‌ಲೆಂಡ್‌ನ ಮಾರ್ಟಿ ಕಾರ್ವೊನೆನ್ ಅವರ 1957ರ ಅಧ್ಯಯನವು ರೂಢಿಗೆ ತಂದಿತು. ಅದರಂತೆ ಗರಿಷ್ಠ ಬಡಿತದಿಂದ ವಿಶ್ರಾಂತಿ ಬಡಿತವನ್ನು ಕಳೆದು, ಉಳಿದುದರ ನಿಗದಿತ ಶೇಕಡಾ ಪ್ರಮಾಣವನ್ನು ವಿಶ್ರಾಂತಿ ಬಡಿತಕ್ಕೆ ಕೂಡಿಸಬೇಕು.

ಉದಾಹರಣೆ: ವಯಸ್ಸು 18, ವಿಶ್ರಾಂತಿ ಬಡಿತ 60. ತನಾಕಾ ಸೂತ್ರದಂತೆ ಗರಿಷ್ಠ ಬಡಿತ ಸುಮಾರು 195. ವ್ಯತ್ಯಾಸ 135. ಇದರ ಶೇ. 60 ಎಂದರೆ 81. ಅದಕ್ಕೆ 60 ಕೂಡಿಸಿದರೆ 141. ಹೀಗೆ ಲೆಕ್ಕ ಹಾಕಿದಾಗ ಈ ಅಭ್ಯರ್ಥಿಯ ವಲಯಗಳು ಈ ಕೆಳಕಂಡಂತಿರುತ್ತವೆ.

ವಲಯ 1 (ಶೇ. 50–60): 128 ರಿಂದ 141. ಬಿರುಸಿನ ನಡಿಗೆ, ಮೈ ಬಿಸಿ ಮಾಡಿಕೊಳ್ಳುವಿಕೆ. ಹಾಡು ಗುನುಗಬಹುದು.
ವಲಯ 2 (ಶೇ. 60–70): 141 ರಿಂದ 155. ನಿಧಾನ ಓಟ. ಪೂರ್ಣ ವಾಕ್ಯಗಳಲ್ಲಿ ಮಾತನಾಡಬಹುದು.
ವಲಯ 3 (ಶೇ. 70–80): 155 ರಿಂದ 168. ಮಧ್ಯಮ ಓಟ. ಚಿಕ್ಕ ವಾಕ್ಯಗಳಷ್ಟೇ ಸಾಧ್ಯ.
ವಲಯ 4 (ಶೇ. 80–90): 168 ರಿಂದ 182. ಕಠಿಣ ಓಟ. ಒಂದೆರಡು ಪದಗಳಷ್ಟೇ ಸಾಧ್ಯ.
ವಲಯ 5 (ಶೇ. 90–100): 182 ರಿಂದ 195. ಪೂರ್ಣ ಶಕ್ತಿ. ಮಾತು ಅಸಾಧ್ಯ.

ಅಂಕಿ ಮತ್ತು ಮಾತಿನ ಪರೀಕ್ಷೆ ಪರಸ್ಪರ ಹೊಂದಿಕೆಯಾಗದಿದ್ದಲ್ಲಿ ಮಾತಿನ ಪರೀಕ್ಷೆಯನ್ನೇ ನಂಬತಕ್ಕದ್ದು. ಸೂತ್ರವು ಸರಾಸರಿಯನ್ನು ತಿಳಿಸುತ್ತದೆ. ಉಸಿರಾಟವು ಆ ವ್ಯಕ್ತಿಯ ನಿಜವಾದ ಶ್ರಮವನ್ನು ತಿಳಿಸುತ್ತದೆ. ಬಹುತೇಕ ವಾಚ್‌ಗಳು ವಯಸ್ಸಿನ ಸೂತ್ರದಿಂದಲೇ ವಲಯಗಳನ್ನು ತೋರಿಸುವುದರಿಂದ, ಸಾಧ್ಯವಿದ್ದಲ್ಲಿ ವಿಶ್ರಾಂತಿ ಬಡಿತವನ್ನೂ ಸಾಧನದಲ್ಲಿ ನಮೂದಿಸುವುದು ಅಗತ್ಯ.

6. ತರಬೇತಿಯಲ್ಲಿ ಬಳಸುವ ಕ್ರಮ

ದೀರ್ಘದೂರ ಓಟ ಮತ್ತು ಸೈಕ್ಲಿಂಗ್‌ನ ಉನ್ನತ ಮಟ್ಟದ ಕ್ರೀಡಾಪಟುಗಳು ತಮ್ಮ ಅಭ್ಯಾಸದ ಸುಮಾರು ಶೇ. 80ರಷ್ಟನ್ನು ಹಗುರವಾಗಿಯೂ ಉಳಿದ ಭಾಗವನ್ನು ಕಠಿಣವಾಗಿಯೂ ನಡೆಸುತ್ತಾರೆಂದು ಸ್ಟೀಫನ್ ಸೈಲರ್ ಮುಂತಾದ ಸಂಶೋಧಕರು ದಾಖಲಿಸಿದ್ದಾರೆ. ಹಗುರ ಅಭ್ಯಾಸದಲ್ಲಿ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ದೂಡುವ ಸಾಮರ್ಥ್ಯ ಪಡೆಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಪ್ರತಿದಿನ ಕಠಿಣವಾಗಿ ಓಡುವವರು ದಣಿವಿನಿಂದಾಗಿ ಕಠಿಣ ಅಭ್ಯಾಸದ ದಿನದಂದೂ ನಿಜವಾದ ವೇಗ ತಲುಪಲಾರರು. ಹಗುರ ದಿನ ನಿಜವಾಗಿಯೂ ಹಗುರವಾಗಿದೆಯೇ ಎಂಬುದನ್ನು ಖಚಿತಪಡಿಸುವುದೇ ಮಾಪಕದ ಮುಖ್ಯ ಪ್ರಯೋಜನ.

ಇತ್ತೀಚಿನ ವರ್ಷಗಳ ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ಅಧಿಸೂಚನೆಗಳಲ್ಲಿ ಪುರುಷ ಅಭ್ಯರ್ಥಿಗಳಿಗೆ 1,600 ಮೀ. ಓಟಕ್ಕೆ 6 ನಿಮಿಷ 30 ಸೆಕೆಂಡು ನಿಗದಿಪಡಿಸಲಾಗಿತ್ತು. ಇದಕ್ಕೆ ಪ್ರತಿ 400 ಮೀ.ಗೆ ಸರಾಸರಿ 97.5 ಸೆಕೆಂಡು ಬೇಕಾಗುತ್ತದೆ. ಇಂತಹ ಓಟಕ್ಕೆ ಸಿದ್ಧರಾಗುವ ಆರೋಗ್ಯವಂತ ಅಭ್ಯರ್ಥಿಗೆ ಒಂದು ವಾರದ ಮಾದರಿ ಕ್ರಮ ಈ ಕೆಳಕಂಡಂತಿದೆ.

ಸೋಮವಾರ: ವಲಯ 2ರಲ್ಲಿ 30 ರಿಂದ 40 ನಿಮಿಷ ನಿಧಾನ ಓಟ.
ಮಂಗಳವಾರ: 10 ನಿಮಿಷ ಮೈ ಬಿಸಿ ಮಾಡಿ, 400 ಮೀ. ಓಟ 4 ಬಾರಿ. ಪ್ರತಿ ಓಟದ ನಂತರ ಬಡಿತ 130ಕ್ಕಿಂತ ಕೆಳಗೆ ಇಳಿಯುವವರೆಗೆ ನಡಿಗೆ.
ಬುಧವಾರ: ವಲಯ 1ರಲ್ಲಿ 30 ನಿಮಿಷ ನಡಿಗೆ ಅಥವಾ ಸೈಕಲ್.
ಗುರುವಾರ: ವಲಯ 2ರಲ್ಲಿ 40 ನಿಮಿಷ ಓಟ.
ಶುಕ್ರವಾರ: ವಲಯ 3ರಿಂದ 4ರ ಅಂಚಿನಲ್ಲಿ 10 ನಿಮಿಷದ ಓಟ 2 ಬಾರಿ, ನಡುವೆ 5 ನಿಮಿಷ ನಡಿಗೆ.
ಶನಿವಾರ: ಉದ್ದ ಜಿಗಿತ, ಗುಂಡು ಎಸೆತ ಮುಂತಾದವುಗಳ ಅಭ್ಯಾಸ.
ಭಾನುವಾರ: ಪೂರ್ಣ ವಿಶ್ರಾಂತಿ.

ಹೊಸದಾಗಿ ಆರಂಭಿಸುವವರು ಮೊದಲ ನಾಲ್ಕು ವಾರ ವಲಯ 1 ಮತ್ತು 2ರಲ್ಲಿ ಮಾತ್ರ ಅಭ್ಯಾಸ ಮಾಡತಕ್ಕದ್ದು. ಅಗತ್ಯವಿದ್ದಲ್ಲಿ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯಂತೆ ಮುಂದುವರಿಯಬಹುದು.

ಓಟದ ವೇಗ ಹೆಚ್ಚಿಸಿದ ತಕ್ಷಣ ಬಡಿತ ಏರುವುದಿಲ್ಲ. ಅದಕ್ಕೆ ಒಂದೆರಡು ನಿಮಿಷ ಬೇಕಾಗುತ್ತದೆ. ಆದ್ದರಿಂದ 100 ಮೀ., 200 ಮೀ., 400 ಮೀ. ಓಟಗಳಲ್ಲಿ ಗಡಿಯಾರದ ಸಮಯವೇ ಅಳತೆಗೋಲು. ಅಲ್ಲಿ ಮಾಪಕವು ಎರಡು ಓಟಗಳ ನಡುವಿನ ಚೇತರಿಕೆಯನ್ನು ತಿಳಿಯಲು ಮಾತ್ರ ಉಪಯುಕ್ತ.

ಪ್ರಗತಿ ತಿಳಿಯಲು ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಬಡಿತದಲ್ಲಿ 30 ನಿಮಿಷ ಓಡಿ ಕ್ರಮಿಸಿದ ದೂರವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಉದಾಹರಣೆಗೆ 145 ಬಡಿತದಲ್ಲಿ ಮೊದಲ ತಿಂಗಳು 4.2 ಕಿ.ಮೀ., ಮೂರನೆಯ ತಿಂಗಳು 4.7 ಕಿ.ಮೀ. ಕ್ರಮಿಸಿದರೆ ಅಷ್ಟೇ ಶ್ರಮದಲ್ಲಿ ಹೆಚ್ಚು ದೂರ ಸಾಗುವ ಸಾಮರ್ಥ್ಯ ಬಂದಿದೆ ಎಂದರ್ಥ.

7. ಬಿಸಿಲು ಮತ್ತು ನೀರು

ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬಿಸಿಲಿನಲ್ಲಿ ದೇಹವನ್ನು ತಂಪುಗೊಳಿಸಲು ರಕ್ತವು ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರಿನಂಶ ತಗ್ಗುತ್ತದೆ. ಇದರಿಂದ ವೇಗ ಹೆಚ್ಚಿಸದಿದ್ದರೂ ಬಡಿತ ಏರುತ್ತ ಹೋಗುತ್ತದೆ. ದೇಹದ ತೂಕದ ಶೇ. 1ರಷ್ಟು ನೀರು ನಷ್ಟವಾದರೆ ಬಡಿತವು ಸುಮಾರು 3 ರಿಂದ 5ರಷ್ಟು ಹೆಚ್ಚುತ್ತದೆ. ಇಂತಹ ಸಂದರ್ಭದಲ್ಲಿ ಹಿಂದಿನ ದಿನದ ವೇಗವನ್ನೇ ಹಠದಿಂದ ಕಾಯ್ದುಕೊಳ್ಳದೆ, ಬಡಿತ ವಲಯದೊಳಗೆ ಇರುವಂತೆ ವೇಗ ತಗ್ಗಿಸತಕ್ಕದ್ದು.

- ಬೇಸಿಗೆಯಲ್ಲಿ ಬೆಳಿಗ್ಗೆ 8 ಗಂಟೆಯೊಳಗೆ ಅಭ್ಯಾಸ ಮುಗಿಸತಕ್ಕದ್ದು.
- ತಂಪು ಪ್ರದೇಶದಿಂದ ಬಂದವರು ಹಾಗೂ ದೀರ್ಘ ಬಿಡುವಿನ ನಂತರ ಆರಂಭಿಸುವವರು ಬಿಸಿಲಿಗೆ ಒಗ್ಗಿಕೊಳ್ಳಲು 7 ರಿಂದ 14 ದಿನ ಹಗುರವಾಗಿ ಅಭ್ಯಾಸ ಮಾಡತಕ್ಕದ್ದು.
- ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನಕ ಉಪಯುಕ್ತ. ಇಂಡಿ ಭಾಗದಲ್ಲಿ ಹೇರಳವಾಗಿ ಬೆಳೆಯುವ ನಿಂಬೆಯ ರಸವನ್ನು ರುಚಿಗೆ ಸೇರಿಸಬಹುದು. ಉಪ್ಪು ಬೆರೆಸಿದ ಮಜ್ಜಿಗೆಯೂ ಒಳ್ಳೆಯದು.
- ಜ್ವರ, ಭೇದಿ ಇದ್ದ ದಿನ ಅಭ್ಯಾಸ ಮಾಡಕೂಡದು.

ಓಡುವಾಗ ತಡವರಿಕೆ, ಅಸಂಬದ್ಧ ಮಾತು, ವಾಂತಿ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ಅದು ಉಷ್ಣಾಘಾತವಾಗಿರಬಹುದು. ಇಂತಹವರನ್ನು ಕೂಡಲೇ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡತಕ್ಕದ್ದು. ತಂಪುಗೊಳಿಸುವ ಕಾರ್ಯವು ವಾಹನ ಬರುವವರೆಗೆ ಕಾಯಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಕೂಡದು.

ನಸುಕಿನಲ್ಲಿ ರಸ್ತೆಯಲ್ಲಿ ಓಡುವವರು ಮತ್ತು ಸೈಕಲ್ ತುಳಿಯುವವರು, ವಿಶೇಷವಾಗಿ ಕಬ್ಬು ನುರಿಸುವ ಹಂಗಾಮಿನಲ್ಲಿ, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು. ಬೆಳಕು ಪ್ರತಿಫಲಿಸುವ ಪಟ್ಟಿ ಧರಿಸುವುದು ಮತ್ತು ಚಲಿಸುವಾಗ ಮಾಪಕದ ಪರದೆಯನ್ನು ಮತ್ತೆ ಮತ್ತೆ ನೋಡದಿರುವುದು ಕ್ಷೇಮಕರ.

8. ವಿಶ್ರಾಂತಿ ಬಡಿತ ನೀಡುವ ಸೂಚನೆಗಳು

ಕ್ರಮಬದ್ಧ ಅಭ್ಯಾಸದಿಂದ ವಿಶ್ರಾಂತಿ ಬಡಿತವು ವಾರಗಳ ಅವಧಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಅದು ತನ್ನ ಸರಾಸರಿಗಿಂತ 5 ರಿಂದ 10ರಷ್ಟು ಹೆಚ್ಚಾಗಿ ಎರಡು ಮೂರು ದಿನ ಮುಂದುವರಿದಲ್ಲಿ ನಿದ್ರೆಯ ಕೊರತೆ, ಸೋಂಕು, ನೀರಿನ ಕೊರತೆ ಅಥವಾ ಅತಿಯಾದ ಅಭ್ಯಾಸ ಕಾರಣವಾಗಿರಬಹುದು. ಅಂತಹ ದಿನಗಳಲ್ಲಿ ಕಠಿಣ ಅಭ್ಯಾಸವನ್ನು ಕೈಬಿಡತಕ್ಕದ್ದು.

ನಿಧಾನ ಓಟದಲ್ಲಿಯೂ ಬಡಿತ ವಿಪರೀತ ಏರುವುದು, ಬೇಗ ಆಯಾಸವಾಗುವುದು ಮತ್ತು ವಾರಗಟ್ಟಲೆ ಅಭ್ಯಾಸ ಮಾಡಿದರೂ ಪ್ರಗತಿ ಕಾಣದಿರುವುದು ರಕ್ತಹೀನತೆಯ ಲಕ್ಷಣಗಳಾಗಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆ ಹೊಂದಿದ್ದರು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದಾಗ ಅದೇ ಪ್ರಮಾಣದ ಆಮ್ಲಜನಕ ಸಾಗಿಸಲು ಹೃದಯವು ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಇಂತಹ ಬಾಲಕಿಯನ್ನು ಸೋಮಾರಿ ಎಂದು ಭಾವಿಸಿ ಇನ್ನಷ್ಟು ಓಡಿಸುವುದು ಹಾನಿಕರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಶಾಲೆಗಳಲ್ಲಿ ವಾರಕ್ಕೊಮ್ಮೆ ನೀಡುವ ಕಬ್ಬಿಣಾಂಶ ಮಾತ್ರೆಗಳನ್ನು ತಪ್ಪದೆ ಸೇವಿಸತಕ್ಕದ್ದು. ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳಬೇಕು. ಚಹಾ ಕುಡಿದ ಕೂಡಲೇ ತೆಗೆದುಕೊಂಡರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

9. ಮಾಪಕ ತಿಳಿಸದ ಅಪಾಯಗಳು

ಬಡಿತದ ಅಂಕಿ ವಲಯದೊಳಗೆ ಇದೆ ಎಂದ ಮಾತ್ರಕ್ಕೆ ಹೃದಯ ಆರೋಗ್ಯವಾಗಿದೆ ಎಂದರ್ಥವಲ್ಲ. ಹೃದಯ ಸ್ನಾಯು ದಪ್ಪಗಾಗುವ ಆನುವಂಶಿಕ ಕಾಯಿಲೆ, ಹೃದಯದ ರಕ್ತನಾಳಗಳ ಜನ್ಮಜಾತ ದೋಷ, ಬಡಿತದ ಲಯದ ದೋಷಗಳು ಮತ್ತು ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ಸಂಧಿವಾತ ಜ್ವರದಿಂದ ಕವಾಟಗಳಿಗಾಗುವ ಹಾನಿಯನ್ನು ಸಾಮಾನ್ಯ ಬ್ಯಾಂಡ್ ಪತ್ತೆಹಚ್ಚಲಾರದು. ಕೆಲವು ವಾಚ್‌ಗಳಲ್ಲಿ ಇರುವ ಇ.ಸಿ.ಜಿ. ಸೌಲಭ್ಯವು ಒಂದು ಬಗೆಯ ಲಯ ದೋಷವನ್ನು ಸೂಚಿಸಬಲ್ಲದಾದರೂ ಹೃದಯಾಘಾತವನ್ನು ಗುರುತಿಸಲಾರದು.

ಕೆಳಕಂಡ ಯಾವುದೇ ಅಂಶ ಇದ್ದಲ್ಲಿ ತರಬೇತಿ ಆರಂಭಿಸುವ ಮುನ್ನ ಅಥವಾ ಮುಂದುವರಿಸುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆ ಮತ್ತು ಇ.ಸಿ.ಜಿ. ಮಾಡಿಸಿಕೊಳ್ಳತಕ್ಕದ್ದು.

- ಓಡುವಾಗ ಅಥವಾ ಓಟ ಮುಗಿದ ಕೂಡಲೇ ಪ್ರಜ್ಞೆ ತಪ್ಪಿದ್ದರೆ.
- ಶ್ರಮದ ವೇಳೆ ಎದೆನೋವು, ಎದೆ ಬಿಗಿತ ಅಥವಾ ಅಸಹಜ ಏದುಸಿರು ಉಂಟಾಗುತ್ತಿದ್ದರೆ.
- ವಿಶ್ರಾಂತಿಯಲ್ಲಿ ಬಡಿತ ಪದೇ ಪದೇ ತಾಳ ತಪ್ಪಿದಂತೆ ಅಥವಾ ಹಠಾತ್ತಾಗಿ ಅತಿ ವೇಗವಾದಂತೆ ಅನಿಸಿದರೆ.
- ತಂದೆ, ತಾಯಿ, ಒಡಹುಟ್ಟಿದವರು ಅಥವಾ ಹತ್ತಿರದ ರಕ್ತಸಂಬಂಧಿಗಳು 50 ವರ್ಷಕ್ಕೆ ಮುನ್ನ ಹಠಾತ್ತಾಗಿ ಮೃತಪಟ್ಟಿದ್ದರೆ.
- ಬಾಲ್ಯದಲ್ಲಿ ಹೃದಯದ ಕಾಯಿಲೆ ಇದೆ ಎಂದು ವೈದ್ಯರು ತಿಳಿಸಿದ್ದರೆ.

ಆಯ್ಕೆಯಿಂದ ಹೊರಗುಳಿಯುವ ಭಯದಿಂದ ಇಂತಹ ಲಕ್ಷಣಗಳನ್ನು ಮರೆಮಾಚಬಾರದು. ಅನೇಕ ಸಂದರ್ಭಗಳಲ್ಲಿ ತಪಾಸಣೆಯ ನಂತರ ಅಭ್ಯಾಸ ಮುಂದುವರಿಸಲು ವೈದ್ಯರು ಅನುಮತಿ ನೀಡುತ್ತಾರೆ. ದೋಷ ಪತ್ತೆಯಾದಲ್ಲಿ ಪ್ರಾಣ ಉಳಿಯುತ್ತದೆ.

ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರ ನವೆಂಬರ್‌ನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ತಜ್ಞರಿಗೆ ರವಾನಿಸಿ, ಹೃದಯಾಘಾತ ಖಚಿತವಾದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ನಾಲ್ಕೂ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ದೂರದಲ್ಲಿರುವುದರಿಂದ ಎದೆನೋವು ಕಾಣಿಸಿಕೊಂಡವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸುವುದು ಅತ್ಯಂತ ಮುಖ್ಯ.

ಮೈದಾನದಲ್ಲಿ ಯಾರಾದರೂ ಹಠಾತ್ತಾಗಿ ಕುಸಿದು, ಕರೆದರೂ ಸ್ಪಂದಿಸದೆ, ಸಹಜವಾಗಿ ಉಸಿರಾಡದಿದ್ದರೆ ಅವರ ಬ್ಯಾಂಡಿನ ಅಂಕಿಯನ್ನು ನೋಡುತ್ತ ಕಾಲಹರಣ ಮಾಡದೆ, ಒಬ್ಬರು 108ಕ್ಕೆ ಕರೆ ಮಾಡತಕ್ಕದ್ದು. ಇನ್ನೊಬ್ಬರು ಎದೆಯ ಮಧ್ಯಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100 ರಿಂದ 120 ಬಾರಿ, 5 ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು. 2021ರ ಜೂನ್ 12ರಂದು ಯುರೋಪಿಯನ್ ಫುಟ್‌ಬಾಲ್ ಪಂದ್ಯದ ನಡುವೆ ಕುಸಿದ ಡೆನ್ಮಾರ್ಕ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಅವರು ಮೈದಾನದಲ್ಲಿಯೇ ದೊರೆತ ಇಂತಹ ನೆರವಿನಿಂದ ಬದುಕುಳಿದರು.

10. ಶಾಲಾ ಮಕ್ಕಳಿಗೆ ಸಂಬಂಧಿಸಿದಂತೆ

ವಯಸ್ಸಿನ ಸೂತ್ರಗಳು ವಯಸ್ಕರ ಅಧ್ಯಯನದಿಂದ ಬಂದವು. ಮಕ್ಕಳಿಗೆ ಅವು ಸರಿಹೊಂದುವುದಿಲ್ಲ. ಪ್ರಾಥಮಿಕ ಮತ್ತು ಪ್ರೌಢಶಾಲಾ ಮಕ್ಕಳಿಗೆ ಮಾಪಕದ ಅಗತ್ಯವಿಲ್ಲ. ಖೋ ಖೋ, ಕಬಡ್ಡಿ, ಓಟ, ಈಜು ಮುಂತಾದ ವಿವಿಧ ಆಟಗಳಲ್ಲಿ ತೊಡಗುವುದೇ ಅವರ ಬೆಳವಣಿಗೆಗೆ ಸೂಕ್ತ. ಮಗುವಿನ ಬಡಿತ 190 ತಲುಪಿತೆಂದು ಪೋಷಕರು ಗಾಬರಿಯಾಗಬೇಕಾಗಿಲ್ಲ. ಜೋರಾಗಿ ಓಡುವ ಮಕ್ಕಳಲ್ಲಿ ಇದು ಸಹಜ.

11. ಖರೀದಿ ಮತ್ತು ಮಾಹಿತಿಯ ಗೋಪ್ಯತೆ

ಸಾಧನ ಕೊಳ್ಳಲು ಸಾಲ ಮಾಡುವುದು ಅನಗತ್ಯ. ಸೀಮಿತ ಹಣವಿದ್ದಲ್ಲಿ ಮೊದಲು ಉತ್ತಮ ಓಟದ ಬೂಟು, ಪೌಷ್ಟಿಕ ಆಹಾರ ಮತ್ತು ಸೈಕಲ್ ಪಟುಗಳಿಗೆ ಹೆಲ್ಮೆಟ್, ನಂತರ ಮಾಪಕ ಎಂಬ ಕ್ರಮವನ್ನು ಪಾಲಿಸುವುದು ಸೂಕ್ತ. ಶಾಲೆ ಅಥವಾ ಯುವಕ ಸಂಘವು ಒಂದೆರಡು ಎದೆಪಟ್ಟಿಗಳನ್ನು ಕೊಂಡು ಸರದಿಯಂತೆ ಬಳಸಬಹುದು. ಪ್ರತಿ ಬಳಕೆಯ ನಂತರ ಪಟ್ಟಿಯನ್ನು ತೊಳೆದು ಒಣಗಿಸತಕ್ಕದ್ದು. ಕೊಳ್ಳುವಾಗ ರಸೀದಿ ಮತ್ತು ವಾರಂಟಿ ಚೀಟಿ ಪಡೆಯಬೇಕು. ಕಂಪನಿಯ ಹೆಸರನ್ನೇ ಹೋಲುವ ನಕಲಿ ಬ್ಯಾಂಡ್‌ಗಳ ಬಗ್ಗೆ ಎಚ್ಚರ ಅಗತ್ಯ.

ಸಾಧನಗಳ ಆ್ಯಪ್‌ಗಳು ಬಡಿತದ ಜೊತೆಗೆ ಓಡಿದ ದಾರಿ ಮತ್ತು ಸಮಯವನ್ನೂ ಸಂಗ್ರಹಿಸುತ್ತವೆ. ಪ್ರತಿದಿನ ಒಂಟಿಯಾಗಿ ಓಡುವ ದಾರಿಯು ಅಪರಿಚಿತರಿಗೆ ಕಾಣದಂತೆ, ಮುಖ್ಯವಾಗಿ ಯುವತಿಯರು, ಆ್ಯಪ್‌ನಲ್ಲಿ ಖಾಸಗಿ ಆಯ್ಕೆಯನ್ನು ಜಾರಿಗೊಳಿಸತಕ್ಕದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆಯನ್ನು ವಿಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ.

12. ಅರ್ಜಿದಾರರ ಗಮನಕ್ಕೆ

ಅ) ಕ್ರೀಡಾ ಶಾಲೆ ಮತ್ತು ವಸತಿ ನಿಲಯಗಳ ಆಯ್ಕೆಯ ವಯೋಮಿತಿ, ಕ್ರೀಡೆ ಮತ್ತು ದಿನಾಂಕಗಳು ಆಯಾ ವರ್ಷದ ಪ್ರಕಟಣೆಯಂತೆ ಇರುತ್ತವೆ. ಹಳೆಯ ವರ್ಷದ ಮಾಹಿತಿಯನ್ನು ಅವಲಂಬಿಸಬಾರದು.
ಆ) ಸಾಮಾನ್ಯವಾಗಿ ಜನ್ಮ ದಿನಾಂಕದ ದಾಖಲೆ, ವ್ಯಾಸಂಗ ಪ್ರಮಾಣ ಪತ್ರ, ಆಧಾರ್ ಪ್ರತಿ, ಭಾವಚಿತ್ರ, ಕ್ರೀಡಾ ಪ್ರಮಾಣ ಪತ್ರಗಳು ಮತ್ತು ವೈದ್ಯಕೀಯ ಪ್ರಮಾಣ ಪತ್ರ ಅಗತ್ಯವಾಗುತ್ತವೆ. ಆ್ಯಪ್‌ನ ವರದಿಯನ್ನು ವೈದ್ಯಕೀಯ ಪ್ರಮಾಣ ಪತ್ರದ ಬದಲಿಗೆ ಸಲ್ಲಿಸಲಾಗದು.
ಇ) ನೇಮಕಾತಿ ಪರೀಕ್ಷೆಯ ಮೈದಾನಕ್ಕೆ ಸ್ಮಾರ್ಟ್ ವಾಚ್ ಮುಂತಾದವುಗಳನ್ನು ಒಯ್ಯಲು ಅವಕಾಶವಿದೆಯೇ ಎಂಬುದನ್ನು ಪ್ರವೇಶ ಪತ್ರದ ಸೂಚನೆಗಳಲ್ಲಿ ಓದಿಕೊಳ್ಳತಕ್ಕದ್ದು. ಸಾಧನವಿಲ್ಲದೆಯೂ ಸರಿಯಾದ ವೇಗದಲ್ಲಿ ಓಡುವ ಅಭ್ಯಾಸವನ್ನು ಪರೀಕ್ಷೆಗೆ ಕನಿಷ್ಠ ಎರಡು ವಾರ ಮೊದಲೇ ಮಾಡಿಕೊಳ್ಳುವುದು ಸೂಕ್ತ.
ಈ) 2018ರಲ್ಲಿ ಜಿಲ್ಲೆಯ ತಾಲ್ಲೂಕುಗಳು ಮರುವಿಂಗಡಣೆಯಾಗಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲ್ಲೂಕುಗಳು ರಚನೆಯಾಗಿವೆ. ಅರ್ಜಿಯಲ್ಲಿ ಪ್ರಸ್ತುತ ತಾಲ್ಲೂಕಿನ ಹೆಸರನ್ನೇ ನಮೂದಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿಶ್ರಾಂತಿ ಬಡಿತ 48 ಇದೆ. ಇದು ಕಾಯಿಲೆಯೇ?
ಉತ್ತರ: ದೀರ್ಘಕಾಲ ಅಭ್ಯಾಸ ಮಾಡಿದ ಓಟಗಾರರು ಮತ್ತು ಸೈಕಲ್ ಪಟುಗಳಲ್ಲಿ ಇದು ಸಹಜ. ತಲೆಸುತ್ತು, ಆಯಾಸ ಅಥವಾ ಪ್ರಜ್ಞೆ ತಪ್ಪುವಿಕೆ ಇದ್ದಲ್ಲಿ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಿಧಾನವಾಗಿ ಓಡಿದರೂ ಬ್ಯಾಂಡ್ 180 ತೋರಿಸುತ್ತದೆ. ಏನು ಮಾಡಬೇಕು?
ಉತ್ತರ: ನಿಂತು ಕೈಯಿಂದ ನಾಡಿ ಎಣಿಸಬೇಕು. ಬೆಳಕಿನ ಮಾಪಕಗಳು ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತವೆಂದು ಗ್ರಹಿಸುತ್ತವೆ. ಕೈ ಎಣಿಕೆಯಲ್ಲಿಯೂ ಅಷ್ಟೇ ಬಂದು, ವಿಶ್ರಾಂತಿಯ ನಂತರವೂ ಇಳಿಯದಿದ್ದರೆ ಆಸ್ಪತ್ರೆಗೆ ತೆರಳಬೇಕು.

ಪ್ರಶ್ನೆ: ಪರೀಕ್ಷೆಯ ಹಿಂದಿನ ದಿನ ಪೂರ್ಣ ಓಟ ಓಡಬಹುದೇ?
ಉತ್ತರ: ಬೇಡ. ವಲಯ 1ರಲ್ಲಿ 15 ರಿಂದ 20 ನಿಮಿಷ ಓಡಾಡಿ, ಬೇಗ ಮಲಗುವುದು ಉತ್ತಮ.

ಪ್ರಶ್ನೆ: ಶಕ್ತಿವರ್ಧಕ ಪಾನೀಯ ಅಥವಾ ಚುಚ್ಚುಮದ್ದು ತೆಗೆದುಕೊಂಡರೆ ವೇಗ ಹೆಚ್ಚುವುದೇ?
ಉತ್ತರ: ಉತ್ತೇಜಕಗಳು ಬಿಸಿಲಿನಲ್ಲಿ ಬಡಿತ ಮತ್ತು ದೇಹದ ಉಷ್ಣತೆಯನ್ನು ಅಪಾಯಕಾರಿ ಮಟ್ಟಕ್ಕೆ ಏರಿಸಬಲ್ಲವು. ವೈದ್ಯರ ಸಲಹೆ ಇಲ್ಲದೆ ಯಾವುದನ್ನೂ ಸೇವಿಸಕೂಡದು. ನಿಷೇಧಿತ ಮದ್ದು ಪತ್ತೆಯಾದಲ್ಲಿ ಕ್ರೀಡಾಪಟುವು ಸ್ಪರ್ಧೆಗಳಿಂದ ಅಮಾನತುಗೊಳ್ಳುವ ಸಂಭವವಿದೆ.

14. ಹೆಚ್ಚಿನ ಮಾಹಿತಿಗಾಗಿ

ಕ್ರೀಡಾ ಆಯ್ಕೆ ಮತ್ತು ವಸತಿ ನಿಲಯಗಳ ಕುರಿತು: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ, ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣ, ವಿಜಯಪುರ.
ಆರೋಗ್ಯ ತಪಾಸಣೆಗೆ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ.
ತುರ್ತು ವೈದ್ಯಕೀಯ ನೆರವಿಗೆ: 108.

ಇಲ್ಲಿ ನೀಡಿರುವ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ವೈದ್ಯರ ಸಲಹೆಗೆ ಇದು ಪರ್ಯಾಯವಲ್ಲ. ಅಭ್ಯರ್ಥಿಗಳು ಮತ್ತು ಪೋಷಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.